ಕೆಂಪು ಮಣಿಗಳ ಉಸಿರು

ಯಮನಪ್ಪ ಮಂಚ ಬಿಟ್ಟಿಳಿದು ಬಸ್ ನಿಲ್ದಾಣದವರೆಗೆ ನಡೆದುಹೋದ ದಿನ ಕಲ್ಲಗೋನಾಳದ ಆ ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಂತಿತ್ತು. ಇಳಕಲ್ಲಿನಿಂದ ಹತ್ತು ಕಿಲೋಮೀಟರ್ ದೂರದ ಆ ಊರಿನ ಸುತ್ತ ಕೆಂಪು ಗ್ರಾನೈಟಿನ ಕ್ವಾರಿಗಳು. ಇಪ್ಪತ್ತೆರಡು ವರ್ಷ ಅಲ್ಲಿ ಡ್ರಿಲ್ ಹಿಡಿದು ಬಂಡೆ ಕೊರೆದ ಯಮನಪ್ಪನ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತು, ನಲವತ್ತೆಂಟನೆಯ ವಯಸ್ಸಿಗೇ ಅವನು ಹಾಸಿಗೆ ಹಿಡಿದಿದ್ದ. ಎರಡು ವರ್ಷದಿಂದ ಅವನ ಲೋಕವೆಂದರೆ ಆ ಮಂಚ, ಪಕ್ಕದ ಆಮ್ಲಜನಕದ ಸಿಲಿಂಡರು, ಅದರಿಂದ ಮೂಗಿಗೆ ಬರುವ ನಳಿಕೆ. ನಳಿಕೆ ಎಷ್ಟು ಉದ್ದವೋ ಅಷ್ಟೇ ಅವನ ಓಡಾಟ.

ಆ ದಿನ ಸಿಲಿಂಡರು ಮನೆಯಲ್ಲೇ ಉಳಿದಿತ್ತು. ಯಮನಪ್ಪನ ಸೊಂಟದ ಎರಡೂ ಬದಿಗೆ ಬೂದು ಬಟ್ಟೆಯ ಎರಡು ಚೀಲಗಳಿದ್ದವು. ಒಂದೊಂದರಲ್ಲೂ ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಮಣಿಗಳು. ಬೆನ್ನಿಗೆ ಒಂದು ಬ್ಯಾಟರಿ, ಬೆರಳಷ್ಟು ಗಾತ್ರದ ಒಂದು ಫ್ಯಾನು. ಅವನು ಹತ್ತು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ, ಮತ್ತೆ ಹತ್ತು ಹೆಜ್ಜೆ ಇಡುತ್ತಿದ್ದ. ಹಿಂದೆ ಅವನ ಹೆಂಡತಿ ಕಾಶವ್ವ, ಅವಳ ಪಕ್ಕದಲ್ಲಿ ಧಾರವಾಡದಿಂದ ಬಂದ ರಸಾಯನ ವಿಜ್ಞಾನಿ ನೀಲಾಂಬಿಕಾ ಮುನವಳ್ಳಿ. ಆ ಮಣಿಗಳನ್ನು ಮಾಡಿದವಳು ನೀಲಾಂಬಿಕಾ. ಅದಕ್ಕೆ ಅವಳ ಹನ್ನೊಂದು ವರ್ಷ ಹೋಗಿದ್ದವು.

"ಅಕ್ಕಾರ, ಇದರಾಗ ಗ್ಯಾಸು ಯಾವಾಗ ತುಂಬಿದ್ರಿ?" ಕಾಶವ್ವ ಗಂಡನ ಬೆನ್ನಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಏನೂ ತುಂಬಿಲ್ಲ ಕಾಶವ್ವ. ನಾವು ನೀವು ಕುಡಿಯೂ ಗಾಳ್ಯಾಗಿಂದ ತಾನ ಆರಿಸಿ ತಗೋತೈತಿ. ಒಂದು ಚೀಲ ತಣ್ಣಗಿದ್ದು ತಗೋತೈತಿ, ಇನ್ನೊಂದು ಬೆಚ್ಚಗಾಗಿ ಕೊಡತೈತಿ. ನಾಕು ನಿಮಿಷಕ್ಕೊಮ್ಮಿ ಪಾಳಿ ಬದಲಿ."

"ಖಾಲಿ ಆಗೂದಿಲ್ಲೇನ್ರಿ ಹಂಗಾರ?"

"ಗಾಳಿ ಇರೂತನಾ ಆಗೂದಿಲ್ಲ."

ಕಾಶವ್ವ ಅದನ್ನು ನಂಬಲಿಲ್ಲ. ನಂಬದಿದ್ದುದನ್ನು ತೋರಿಸಿಕೊಳ್ಳಲೂ ಇಲ್ಲ. ಯಮನಪ್ಪ ಬಸ್ ನಿಲ್ದಾಣದ ಚಹಾದಂಗಡಿಯ ಮುಂದೆ ನಿಂತು, ಕಪ್ಪು ಎರಡೂ ಕೈಯಲ್ಲಿ ಹಿಡಿದು ಚಹಾ ಕುಡಿದ. ತಿರುಗಿ ಬಂದು ಮಂಚದ ಮೇಲೆ ಕೂತಾಗ ಅವನು ಆಡಿದ್ದು ಎರಡೇ ಮಾತು.

"ನಿಂತು ಕುಡದೆ, ಕಾಶಿ."

ನೀಲಾಂಬಿಕಾ ಧಾರವಾಡಕ್ಕೆ ಹಿಂದಿರುಗುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಳು. ಅವಳಿಗೆ ಈಗ ನಲವತ್ಮೂರು. ಪ್ರಯೋಗಾಲಯದ ಹೊರಗೆ, ಒಬ್ಬ ಮನುಷ್ಯನ ಮೂಗಿನಲ್ಲಿ ತನ್ನ ಕೆಲಸವನ್ನು ಅವಳು ನೋಡಿದ್ದು ಅದೇ ಮೊದಲು.

*

ಕಬ್ಬಿಣಕ್ಕೆ ಆಮ್ಲಜನಕವೆಂದರೆ ಬಿಡಲಾಗದ ಸೆಳೆತ. ಹೊರಗೆ ಬಿಟ್ಟ ಮೊಳೆಯನ್ನು ನೋಡಿದರೆ ಸಾಕು. ಹಿಡಿದ ಆಮ್ಲಜನಕವನ್ನು ಅದು ಮತ್ತೆ ಬಿಡುವುದಿಲ್ಲ, ತುಕ್ಕಾಗಿಬಿಡುತ್ತದೆ. ನಮ್ಮ ರಕ್ತದಲ್ಲಿರುವ ಕಬ್ಬಿಣ ಮಾತ್ರ ಹಾಗೆ ಮಾಡುವುದಿಲ್ಲ. ಅಲ್ಲಿ ಒಂದೊಂದು ಕಬ್ಬಿಣದ ಪರಮಾಣುವೂ ಸಾರಜನಕದ ಬಳೆಯೊಂದರ ನಡುವೆ ಒಂಟಿಯಾಗಿ ಕೂತಿರುತ್ತದೆ. ಆಮ್ಲಜನಕದ ಅಣು ಬಂದರೆ ಮೆಲ್ಲಗೆ ಹಿಡಿಯುತ್ತದೆ, ಮೈಯೊಳಗೆ ಬೇಕಾದಲ್ಲಿ ಬಿಟ್ಟುಕೊಡುತ್ತದೆ. ಎರಡು ಕಬ್ಬಿಣಗಳು ಒಂದೇ ಅಣುವಿಗೆ ಕೈ ಹಾಕಿದರೆ ಮತ್ತೆ ತುಕ್ಕೇ ಗತಿ.

ನೀಲಾಂಬಿಕಾ ಮಾಡಿದ್ದು ಅಂಥ ಬಳೆಯನ್ನು. ಬಳೆಯ ಮೇಲೆ ನಾಲ್ಕು ಗೂಟ ನೆಟ್ಟು ಸಣ್ಣ ಚಪ್ಪರ ಕಟ್ಟಿದ ಹಾಗೆ ಅಣುವನ್ನು ಹೆಣೆದಿದ್ದಳು. ಒಳಗಿನ ಕಬ್ಬಿಣದ ಬಳಿ ಇನ್ನೊಂದು ಕಬ್ಬಿಣ ಬರಲಾರದು; ಆಮ್ಲಜನಕ ಮಾತ್ರ ನುಸುಳಿ ಬರಬಹುದು. ತಣ್ಣಗಿದ್ದಾಗ ಮಣಿಗಳು ಆಮ್ಲಜನಕ ಹಿಡಿದು ಕೆಂಪಗಿರುತ್ತಿದ್ದವು. ಬೆಚ್ಚಗಾದರೆ ಅದನ್ನು ಬಿಟ್ಟು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು. ಪ್ರಯೋಗಾಲಯದಲ್ಲಿ ಇಪ್ಪತ್ತು ಸಾವಿರ ಸಲ ಕಾಯಿಸಿ ತಣಿಸಿ ನೋಡಿದ್ದಾಗಿತ್ತು. ಮಣಿಗಳು ದಣಿದಿರಲಿಲ್ಲ.

ಸಂಸ್ಥೆಯ ನಿರ್ದೇಶಕರಾದ ಪ್ರಹ್ಲಾದ ಕಟಗೇರಿ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಮೆಲ್ಲಗೆ ಮಾತಾಡುವ ಮನುಷ್ಯ. ನಾಲ್ಕು ಊರುಗಳ ನಲವತ್ತು ರೋಗಿಗಳಿಗೆ ಒಂದು ವರ್ಷ ಚೀಲ ಕೊಟ್ಟು ನೋಡಲು ಅನುಮತಿ ತಂದವರು ಅವರೇ.

ಐದನೆಯ ವಾರಕ್ಕೆ ಕಲ್ಲಗೋನಾಳದಿಂದ ಫೋನು ಬಂತು. ಕಾಶವ್ವನ ದನಿ.

"ಅಕ್ಕಾರ, ಚೀಲ ಖಾಲಿ ಆಗೇತ್ರಿ. ಅವರು ಮತ್ತ ಸಿಲಿಂಡರ ಹಚಗೊಂಡಾರ."

"ಖಾಲಿ ಆಗೂದಿಲ್ಲ ಕಾಶವ್ವ. ಬ್ಯಾಟರಿ ನೋಡ್ರಿ."

"ಬ್ಯಾಟರಿ ಐತ್ರಿ, ಫ್ಯಾನ ತಿರಗತೈತಿ. ಉಸುರು ಬರವಲ್ದು."

ಆ ವಾರ ಇನ್ನೂ ಎಂಟು ಮನೆಯವರು ಫೋನು ಮಾಡಿದರು. ತಿಂಗಳು ತುಂಬುವಷ್ಟರಲ್ಲಿ ನಲವತ್ತರಲ್ಲಿ ಹದಿನೇಳು ಮನೆಗಳ ಚೀಲಗಳು ನಿಂತುಹೋದವು.

ತರಿಸಿಕೊಂಡ ಚೀಲವೊಂದನ್ನು ನೀಲಾಂಬಿಕಾ ತಾನೇ ಬಿಚ್ಚಿದಳು. ಒಳಗಿನ ಮಣಿಗಳನ್ನು ಕಂಡು ಅವಳಿಗೆ ಅಚ್ಚರಿಯಾಯಿತು. ಕೆಟ್ಟ ಮಣಿ ತುಕ್ಕಿನ ಕಂದು ಬಣ್ಣಕ್ಕೆ ಬರಬೇಕಿತ್ತು. ಇವು ಗುಲಗಂಜಿಯಂತೆ ಹೊಳೆಯುವ ಕೆಂಪಾಗಿದ್ದವು, ಹೊಸ ಮಣಿಗಿಂತ ಚಂದವಾಗಿದ್ದವು. ಆದರೆ ಕಾಯಿಸಿದರೂ ಅದೇ ಕೆಂಪು, ತಣಿಸಿದರೂ ಅದೇ ಕೆಂಪು. ನೇರಳೆಗೆ ತಿರುಗಲೇ ಇಲ್ಲ.

ಯಂತ್ರದಲ್ಲಿಟ್ಟು ನೋಡಿದಾಗ ಪರದೆಯ ಮೇಲೆ ಚೂಪಾದ ಒಂದು ಗೆರೆ ಎದ್ದಿತು. ಆ ಗೆರೆ ಯಾರದೆಂದು ಅವಳಿಗೆ ಗೊತ್ತಿತ್ತು. ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ಅರೆಬರೆ ಉರಿದ ಬೆಂಕಿಯಿಂದ ಹುಟ್ಟುವಂಥದ್ದು. ಆಮ್ಲಜನಕವನ್ನು ಮೆಲ್ಲಗೆ ಹಿಡಿಯುವ ಕಬ್ಬಿಣ ಇದನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಜಾಗವೆಲ್ಲ ಇದಕ್ಕೇ ಹೋದರೆ ಆಮ್ಲಜನಕ ಬಾಗಿಲಲ್ಲೇ ನಿಲ್ಲಬೇಕು. ಇದು ಬರಬಹುದೆಂದೇ ಅವಳು ಚಪ್ಪರವನ್ನು ಸ್ವಲ್ಪ ವಾರೆಯಾಗಿ ಕಟ್ಟಿದ್ದಳು. ಹುಬ್ಬಳ್ಳಿಯ ಬಸ್ ನಿಲ್ದಾಣದ ಹೊಗೆಯಲ್ಲಿಟ್ಟು ಪರೀಕ್ಷಿಸಿಯೂ ಇದ್ದಳು.

"ಬಸ್ ಸ್ಟ್ಯಾಂಡಿನ್ಯಾಗ ತಡಕೊಂಡದ್ದು ಹಳ್ಳ್ಯಾಗ ಯಾಕ ಸೋತಿತು ನೀಲಾ?" ಎಂದು ಕಟಗೇರಿಯವರು ಕೇಳಿದರು. "ಮುಂದಿನ ತಿಂಗಳು ಸಮಿತಿಯವರು ಬರ್ತಾರ. ಅರ್ಧದಷ್ಟು ಚೀಲ ಕೆಟ್ಟಾವ ಅಂದ್ರ ನಾಳಿಂದನ ನಿಲ್ಲಸ್ರಿ ಅಂತಾರ."

ನೀಲಾಂಬಿಕಾ ನಲವತ್ತು ಮನೆಗಳ ಪಟ್ಟಿ ತೆಗೆದು ಕೂತಳು. ಕೆಟ್ಟ ಚೀಲ, ಕೆಡದ ಚೀಲ. ರೋಗಿಯ ವಯಸ್ಸು, ಮನೆಯ ಎತ್ತರ, ಕ್ವಾರಿಯಿಂದ ಎಷ್ಟು ದೂರ. ಯಾವುದೂ ತಾಳೆಯಾಗಲಿಲ್ಲ. ಕೊನೆಗೆ ಮನೆಮನೆಗೂ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದಳು: ಅಡುಗೆ ಯಾವುದರ ಮೇಲೆ? ಹದಿನೇಳು ಮನೆಯವರೂ ಕಟ್ಟಿಗೆಯ ಒಲೆ ಎಂದರು. ಗ್ಯಾಸಿನ ಒಲೆಯಿದ್ದ ಒಂದು ಮನೆಯಲ್ಲೂ ಚೀಲ ಕೆಟ್ಟಿರಲಿಲ್ಲ.

*

ಕಾಶವ್ವ ರೊಟ್ಟಿ ಬಡಿಯುವವಳು. ಗಂಡ ಮಲಗಿದ ಮೇಲೆ ಆ ಮನೆ ನಡೆದದ್ದು ಅವಳ ಎರಡು ಅಂಗೈಯಿಂದ. ಇಳಕಲ್ಲಿನ ಎರಡು ಖಾನಾವಳಿಗಳಿಗೆ ದಿನವೂ ಜೋಳದ ರೊಟ್ಟಿ ಹೋಗಬೇಕು. ಬೆಳಿಗ್ಗೆ ಆರಕ್ಕೆ ಒಲೆ ಹೊತ್ತಿಸಿದರೆ ಮಧ್ಯಾಹ್ನ ಎರಡರವರೆಗೆ ಆರುತ್ತಿರಲಿಲ್ಲ. ಕಟ್ಟಿಗೆಯ ಉರಿಯಲ್ಲಲ್ಲದೆ ಆ ರೊಟ್ಟಿ ಹಾಗೆ ಉಬ್ಬದು ಎಂದು ಖಾನಾವಳಿಯವರೂ ಹೇಳುತ್ತಿದ್ದರು, ಅವಳೂ ಹೇಳುತ್ತಿದ್ದಳು. ಅಡುಗೆಮನೆಗೆ ಕಿಟಕಿ ಒಂದೇ. ಗಾಳಿ ಬಂದರೆ ಉರಿ ಅಲುಗುತ್ತದೆಂದು ಅದಕ್ಕೂ ಗೋಣಿ ಕಟ್ಟಿತ್ತು. ಯಮನಪ್ಪನ ಮಂಚ ಗೋಡೆಯ ಆಚೆ.

ಆ ಅಡುಗೆಮನೆಗೆ ಬಂದ ನೀಲಾಂಬಿಕಾ, ಕಾರ್ಬನ್ ಮಾನಾಕ್ಸೈಡ್ ಅಳೆಯುವ ಅಂಗೈಯಗಲದ ಮೀಟರನ್ನು ಬ್ಯಾಗಿನಿಂದ ತೆಗೆದು ಒಲೆಯಿಂದ ಮೂರು ಹೆಜ್ಜೆ ದೂರ ಹಿಡಿದಳು. ಅದು ತಟ್ಟನೆ ಕೂಗತೊಡಗಿತು. ಕಾಶವ್ವನ ಕೈ ರೊಟ್ಟಿಯ ಮೇಲೆ ನಿಂತಿತು.

"ಯಾಕ್ರಿ ಒದರತೈತಿ?"

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ತೋರಿಸಿದ್ದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು ತೋರಿಸುತ್ತಿತ್ತು. ನೀಲಾಂಬಿಕಾ ಮೀಟರನ್ನು ಆರಿಸಿ, ಕುಕ್ಕುರುಗಾಲಲ್ಲಿ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಾಶವ್ವ ಅಡ್ಡ ಬಾಯಿ ಹಾಕದೆ ಕೇಳಿದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಅವಳು ಅದನ್ನು ಎತ್ತಿ ಬದಿಗಿಟ್ಟಳು.

"ಅಂದ್ರ ನನ್ನ ಒಲಿನ ಅವರ ಉಸುರು ತಿಂತು."

"ಒಲಿ ಅಲ್ಲ ಕಾಶವ್ವ. ಹೊಗಿ ಹೊರಗ ಹೋಗಾಕ ಹಾದಿ ಇಲ್ಲ, ಅದು."

"ಹೆಂಗಾರ ಅನ್ರಿ, ಹಚ್ಚಿದಾಕಿ ನಾನ."

ಕಾಶವ್ವ ಎದ್ದು ನೀರಿನ ತಂಬಿಗೆಗೆ ಕೈ ಚಾಚಿದವಳು ಗೋಡೆ ಹಿಡಿದು ನಿಂತಳು. ಕಣ್ಣು ಮುಚ್ಚಿದಳು. ಆಮೇಲೆ ಮೂಲೆಯ ಗೂಟದಲ್ಲಿದ್ದ ಹಳೆಯ ಬಟ್ಟೆಯನ್ನು ತೆಗೆದು ಹಣೆಗೆ ಬಿಗಿಯಾಗಿ ಕಟ್ಟಿಕೊಂಡಳು, ದಿನವೂ ಮಾಡುವವರ ಹಾಗೆ, ಕೈಯನ್ನು ನೋಡದೆಯೇ.

"ಏನಾತು?"

"ಏನಿಲ್ರಿ. ಮಧ್ಯಾಹ್ನಾದ್ರ ತಲಿ ಸಿಡೀತೈತಿ. ಮುಂಚಿಂದ ಐತಿ."

ನೀಲಾಂಬಿಕಾಳಿಗೆ ಮುನವಳ್ಳಿಯ ತನ್ನ ತವರುಮನೆ ಕಣ್ಣಿಗೆ ಕಟ್ಟಿತು. ಅವಳ ತಾಯಿಯೂ ಮಧ್ಯಾಹ್ನವಾದರೆ ಹೀಗೇ ತಲೆಗೆ ಬಟ್ಟೆ ಕಟ್ಟಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದಳು. ಅವ್ವನ ತಲೆನೋವು ಎಂದು ಮನೆಯವರೆಲ್ಲ ಅದನ್ನು ಕರೆಯುತ್ತಿದ್ದರು. ಅವ್ವನಿಗೆ ಮೂಗುಬೊಟ್ಟು ಇದ್ದ ಹಾಗೆ ತಲೆನೋವೂ ಇತ್ತು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ವಿಜ್ಞಾನ ಓದಲು ಹೋದ ಮಗಳೂ ಕೇಳಿರಲಿಲ್ಲ.

ಅವಳು ಬ್ಯಾಗಿನಿಂದ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ತೆಗೆದಳು. ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಎಂದು ಬೇರೆಯಾಗಿ ತೋರಿಸುವ ಕ್ಲಿಪ್ಪು ಅದು. ರೋಗಿಗಳಿಗೆಂದು ತಂದಿದ್ದಳು.

"ಕೈ ಕೊಡ್ರಿ."

"ನನಗ್ಯಾಕ್ರಿ? ಬ್ಯಾನಿ ಅವರಿಗೈತಿ."

"ಕೊಡ್ರಿ ಒಮ್ಮಿ."

ಹಿಟ್ಟು ಮೆತ್ತಿದ ಬೆರಳನ್ನು ಒರೆಸಿ ಕ್ಲಿಪ್ಪು ಹಾಕಿದಳು. ಅಂಕಿ ಬಂತು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವನ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಚೀಲದ ಮಣಿಗಳಿಗೆ ಆಗಿದ್ದು ಕಾಶವ್ವನ ರಕ್ತಕ್ಕೂ ಆಗಿತ್ತು. ಅದೇ ಕಬ್ಬಿಣ, ಅದೇ ಬಳೆ, ಅದೇ ಬಿಗಿಹಿಡಿತ.

"ಆಶಾ ಬಾಯಾರು ತಿಂಗಳಾ ಬಂದು ಬೆರಳಿಗೆ ಇಂಥಾದ ಹಾಕತಾರ್ರಿ," ಎಂದಳು ಕಾಶವ್ವ. "ನಂದು ತೊಂಬತ್ತೆಂಟು ಐತಿ, ಎಲ್ಲಾ ಬರೋಬರಿ ಅಂತಾರ."

ಸಾಮಾನ್ಯ ಕ್ಲಿಪ್ಪು ರಕ್ತದ ಕೆಂಪನ್ನಷ್ಟೇ ನೋಡುತ್ತದೆ. ಈ ವಿಷ ಹಿಡಿದ ರಕ್ತವೂ ಕೆಂಪೇ. ಎಲ್ಲ ಸರಿಯಿದೆ ಎಂದು ಅದು ಹೇಳಿದ್ದು ಅದಕ್ಕೆ. ನೀಲಾಂಬಿಕಾ ಕ್ಲಿಪ್ಪು ತೆಗೆದು ಕಾಶವ್ವನ ಬೆರಳನ್ನು ಕೈಯಲ್ಲೇ ಹಿಡಿದುಕೊಂಡಳು. ಆಮೇಲೆ ಅದನ್ನೂ ಹೇಳಿದಳು.

ಗೋಡೆಯ ಆಚೆ ಮಂಚ ಕಿರುಗುಟ್ಟಿತು. ಯಮನಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸಿಲಿಂಡರಿನ ನಳಿಕೆ ಎಳೆದು ಬಿಗಿಯಾಗುವವರೆಗೆ ಬಂದು ಬಾಗಿಲಲ್ಲಿ ನಿಂತ. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳಬೇಕಾಗಿತ್ತು.

"ಕಾಶಿ... ಒಲಿ ಆರಸು."

"ನಾಳಿ ರೊಟ್ಟಿ?"

"ನಾಳಿದು... ನಾಳಿ ನೋಡೂನು. ಈಗ ಆರಸು."

ಕಾಶವ್ವ ಕೊಳ್ಳಿಗಳನ್ನು ಹಿರಿದು ನೀರು ಚಿಮುಕಿಸಿದಳು. ಅವಳು ಅಳಲಿಲ್ಲ. ಹಿಟ್ಟಿನ ಬುಟ್ಟಿಯ ಮೇಲೆ ಮೊರ ಮುಚ್ಚಿ, ಹೊಸಲಿನ ಮೇಲೆ ಹೋಗಿ ಕೂತಳು. ಮದುವೆಯಾದ ಇಪ್ಪತ್ನಾಲ್ಕು ವರ್ಷದಲ್ಲಿ ಹಗಲು ಹನ್ನೆರಡಕ್ಕೆ ಸುಮ್ಮನೆ ಹೊಸಲ ಮೇಲೆ ಕೂತದ್ದು ಇದೇ ಮೊದಲಿರಬೇಕು. ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

*

ಕೆಟ್ಟ ಮಣಿಗಳನ್ನು ಉಳಿಸಿಕೊಳ್ಳಲು ಆಗುತ್ತದೆಯೇ ಎಂದು ನೀಲಾಂಬಿಕಾ ಹತ್ತು ದಿನ ಪ್ರಯೋಗಾಲಯದಲ್ಲಿ ಹೆಣಗಿದಳು. ಬಿಗಿಯಾಗಿ ಹಿಡಿದದ್ದನ್ನು ಬಿಡಿಸಲು ಅವಳಿಗೆ ತೋಚಿದ್ದು ಬಿಸಿ. ನೂರು ಡಿಗ್ರಿಗೆ ಕಾಯಿಸಿದಳು, ಮಣಿಗಳು ಬಿಡಲಿಲ್ಲ. ನೂರೈವತ್ತಕ್ಕೆ ಏರಿಸಿದಳು, ಚಪ್ಪರವೇ ಕುಸಿದು ಮಣಿಗಳು ಕಪ್ಪಾದವು. ಗಾಳಿ ಹೀರಿ ತೆಗೆದು ನಿರ್ವಾತದಲ್ಲಿ ಇಟ್ಟಳು. ಒಂದು ಹಿಡಿ ಮಣಿ ಬಿಡಲು ಎರಡು ದಿನ ಹಿಡಿಯಿತು. ಹಳ್ಳಿಯ ಮನೆಗೆ ನಿರ್ವಾತದ ಪಂಪು ಕೊಡಲು ಬರುತ್ತದೆಯೇ?

ಗುರುವಾರ ಸಮಿತಿಯ ಸಭೆ. ಮಂಗಳವಾರ ಕಟಗೇರಿಯವರು ಅವಳನ್ನು ಕರೆದು, "ಕೆಟ್ಟ ಚೀಲ ಎಲ್ಲಾ ತರಸಿಬಿಡು. ಜನರ ಕೈಯಾಗ ಕೆಲಸಾ ಮಾಡದ ಸಾಮಾನು ಇರಬಾರದು. ಸಭಾ ಹೆಂಗ ಆದ್ರೂ ಅಷ್ಟು ಮರ್ಯಾದಿ ನಮಗ ಇರಬೇಕು," ಎಂದರು. ಉಳಿದ ಊರುಗಳಿಗೆ ಬೇರೆಯವರನ್ನು ಕಳಿಸಿ, ಕಲ್ಲಗೋನಾಳಕ್ಕೆ ಅವಳು ತಾನೇ ಹೋದಳು.

ಯಮನಪ್ಪನ ಮನೆಯ ಹಿತ್ತಲಲ್ಲಿ ಕೆಲಸ ನಡೆದಿತ್ತು. ಓಣಿಯ ನಾಲ್ಕು ಜನ ಕ್ವಾರಿಯ ತುಂಡುಗಲ್ಲು ತಂದು, ಎದೆಮಟ್ಟದ ಮೂರು ಗೋಡೆ ಎಬ್ಬಿಸಿ, ಮೇಲೆ ತಗಡು ಹೊದಿಸುತ್ತಿದ್ದರು. ಹೊಸ ಒಲೆಯ ಹಿಂದೆ ಹೊಗೆಗೆ ಕಲ್ಲಿನ ಗೂಡು ಏರುತ್ತಿತ್ತು. ಯಮನಪ್ಪ ಹಿತ್ತಲ ಬಾಗಿಲಿಗೆ ಮಂಚ ಎಳೆಸಿಕೊಂಡು, ಸಿಲಿಂಡರು ಪಕ್ಕಕ್ಕಿಟ್ಟುಕೊಂಡು, ಯಾವ ಕಲ್ಲು ಎಲ್ಲಿ ಎಂದು ಕೈ ಮಾಡಿ ತೋರಿಸುತ್ತಿದ್ದ. ಮಾತು ಬಾರದಾಗ ಕೋಲಿನಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದ. ಅವನ ಮುಖದಲ್ಲಿ ನೀಲಾಂಬಿಕಾ ಹಿಂದೆ ಕಾಣದ ಒಂದು ಗತ್ತು ಇತ್ತು.

"ಚೀಲ ಒಯ್ಯಾಕ ಬಂದೇನಿ," ಎಂದಳು ಅವಳು.

ಕಾಶವ್ವ ಅಳುಕಿದಂತೆ ಕಂಡಳು. "ಒಂದು ತಪ್ಪು ಮಾಡೇನ್ರಿ ಅಕ್ಕಾರ. ಬಿಚ್ಚಬ್ಯಾಡ್ರಿ ಅಂದಿದ್ರಿ. ನಾ ಒಂದು ಚೀಲ ಬಿಚ್ಚೇನಿ."

"ಯಾಕ?"

"ಹೊಗಿ ಹಿಡದೈತಿ ಅಂದ್ರೆಲ್ಲ. ಹೊಗಿ ಹಿಡದ ಕೌದಿ, ಹಾಸಿಗಿ ನಾವು ಬಿಸಲಿಗೆ ಹಾಕತೀವ್ರಿ. ಹಂಗಂತ ಇದನ್ನೂ ಗಂಗಾಳದಾಗ ಹಾಕಿ ಬಿಸಲಿಗಿಟ್ಟೆ."

ನೀಲಾಂಬಿಕಾಳಿಗೆ ಸಿಟ್ಟು ಬಂದದ್ದು ನಿಜ. ಮುಚ್ಚಿ ಹೊಲಿದ ಚೀಲ ಬಿಚ್ಚಿದರೆ ಪ್ರಯೋಗದ ಲೆಕ್ಕದಿಂದ ಆ ಮನೆಯೇ ಹೊರಗೆ. ಅದನ್ನು ಹೇಳಲು ಬಾಯಿ ತೆರೆದವಳ ಕಣ್ಣು ಗಂಗಾಳದ ಮೇಲೆ ಬಿತ್ತು. ಹಿತ್ತಲ ಕಟ್ಟೆಯ ಮೇಲೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಸ್ಟೀಲಿನ ಗಂಗಾಳದ ತುಂಬ ಮಣಿಗಳು ಹರಡಿದ್ದವು. ಅವು ಕೆಂಪಗಿರಲಿಲ್ಲ. ನೇರಳೆಯಾಗಿದ್ದವು.

ಅವಳು ಗಂಗಾಳವನ್ನು ಎತ್ತಿ ಹಿತ್ತಲ ಬಾಗಿಲಿನ ನೆರಳಿಗೆ ತಂದಳು. ಲೋಹ ಕೈ ಸುಡುತ್ತಿತ್ತು. ಸೀರೆಯ ಸೆರಗಿನಲ್ಲಿ ಹಿಡಿದಿದ್ದಳು. ನೆಲಕ್ಕಿಟ್ಟು ಮುಂದೆ ಕೂತಳು. ನಿಮಿಷ ಕಳೆಯಿತು, ಎರಡು ನಿಮಿಷ ಕಳೆಯಿತು. ಅಂಚಿನಿಂದ ಶುರುವಾಗಿ, ಗಂಗಾಳ ತಣ್ಣಗಾದ ಹಾಗೆ, ಮಣಿಗಳು ಒಂದೊಂದೇ ಕೆಂಪಾಗತೊಡಗಿದವು. ಉಸಿರು ಹಿಡಿಯುತ್ತಿದ್ದವು.

"ದಿನಾ ಕೈಯಾಡಿಸಿದ್ರೇನು?"

"ಹೂಂ ರೀ. ಮೆಣಸಿನಕಾಯಿ ಒಣಗಸಿದಂಗ. ಕೈಯಾಡಸದಿದ್ರ ತಳದ್ದು ಹಂಗ ಇರತೈತಿ."

ಬಿಸಿಯಲ್ಲ, ಬೆಳಕು. ನೀಲಾಂಬಿಕಾ ಎಂ.ಎಸ್‌ಸಿ. ಓದುವಾಗ ಪರೀಕ್ಷೆಗೆ ಬರೆದಿದ್ದ ಉತ್ತರವಿದು: ಕಬ್ಬಿಣದ ಮೇಲೆ ಬಿಗಿಯಾಗಿ ಕೂತ ಕಾರ್ಬನ್ ಮಾನಾಕ್ಸೈಡನ್ನು ಬೆಳಕು ಕಿತ್ತುಹಾಕುತ್ತದೆ. ನೂರು ವರ್ಷ ಹಳೆಯ ಸಂಗತಿ. ಬಯಲಿನ ಗಾಳಿಯಲ್ಲಿ ಕಿತ್ತುಬಿದ್ದದ್ದು ಹಾರಿಹೋಗುತ್ತದೆ, ಖಾಲಿಯಾದ ಜಾಗಕ್ಕೆ ಆಮ್ಲಜನಕ ಬರುತ್ತದೆ. ಮಣಿಗಳು ಧೂಳಾಗಬಾರದು, ಒದ್ದೆಯಾಗಬಾರದು ಎಂದು ಹನ್ನೊಂದು ವರ್ಷ ಅವುಗಳನ್ನು ದಪ್ಪ ಬಟ್ಟೆಯಲ್ಲಿ, ಉಕ್ಕಿನ ಡಬ್ಬಿಯಲ್ಲಿ ಮುಚ್ಚಿಟ್ಟವಳು ಅವಳೇ. ಬೆಳಕು ತೋರಿಸಬೇಕೆಂದು ಹೊಳೆದೇ ಇರಲಿಲ್ಲ.

"ತಪ್ಪಾತೇನ್ರಿ?" ಎಂದು ಕಾಶವ್ವ ಮತ್ತೆ ಕೇಳಿದಳು.

"ಇಲ್ಲ ಕಾಶವ್ವ," ಎಂದಳು ನೀಲಾಂಬಿಕಾ. "ಇನ್ನೊಂದು ಚೀಲಾನೂ ಬಿಚ್ಚೂನು, ಕತ್ತರಿ ತಗೊಂಬರ್ರಿ."

*

ಗುರುವಾರ ಸಮಿತಿಯ ಮುಂದೆ ನೀಲಾಂಬಿಕಾ ಇಟ್ಟದ್ದು ಎರಡು ಹಾಳೆ. ಮೊದಲನೆಯದರಲ್ಲಿ ಚೀಲದ ಹೊಸ ನಕ್ಷೆ: ಒಂದು ಬದಿ ಬಟ್ಟೆ, ಒಂದು ಬದಿ ಪಾರದರ್ಶಕ ಹಾಳೆ, ಪದರು ತೆಳ್ಳಗೆ, ದಿನಕ್ಕೆ ಒಂದು ತಾಸು ಅಂಗಳದ ಬಿಸಿಲು. ಎರಡನೆಯದರಲ್ಲಿ ಹದಿನೇಳು ಹೆಂಗಸರ ರಕ್ತದ ಅಂಕಿಗಳು. ಬುಧವಾರ ಪೂರ್ತಿ ಅವಳು ಉಳಿದ ಮೂರು ಊರುಗಳಿಗೂ ಅಲೆದು ತೆಗೆದುಕೊಂಡದ್ದು.

ಹೊರಗಿನಿಂದ ಬಂದ ಇಬ್ಬರು ತಜ್ಞರು ಮೊದಲ ಹಾಳೆಯನ್ನು ಬಹಳ ಹೊತ್ತು ನೋಡಿದರು. ಸಾಕಷ್ಟು ಪ್ರಶ್ನೆ ಕೇಳಿದರು. ಎರಡನೆಯದನ್ನು ತಿರುವಿ ನೋಡಿದ ಒಬ್ಬರು, "ಇದು ನಮ್ಮ ಪ್ರಯೋಗದ ವ್ಯಾಪ್ತಿಗೆ ಬರುವುದಿಲ್ಲ. ಈ ಹೆಂಗಸರು ರೋಗಿಗಳಲ್ಲ," ಎಂದರು.

"ಅವರು ರೋಗಿಗಳಲ್ಲ ಅಂತ ತಿಳ್ಕೊಂಡಿದ್ದೇ ನಮ್ಮ ತಪ್ಪು," ಎಂದಳು ನೀಲಾಂಬಿಕಾ. "ಚೀಲ ಐದು ವಾರಕ್ಕೆ ನಿಂತಿತು, ನಾವೆಲ್ಲ ಓಡಿ ಬಂದ್ವಿ. ಅದೇ ಗಾಳಿ ಈ ಹೆಂಗಸರು ಇಪ್ಪತ್ತು ವರ್ಷ ಕುಡಿದಾರ. ಅವರು ನಿಂತಿಲ್ಲ, ಅದಕ್ಕ ಯಾರೂ ನೋಡಿಲ್ಲ."

ಕಟಗೇರಿಯವರು ಕೈ ಚಾಚಿ, ಎರಡನೆಯ ಹಾಳೆಯನ್ನು ಕಡತದ ಅಡಿಯಿಂದ ತೆಗೆದು ಮೇಲಿಟ್ಟು, ಟ್ಯಾಗು ಹಾಕಿದರು. "ವ್ಯಾಪ್ತಿ ಬರೆದದ್ದು ನಾನು," ಎಂದರು ಮೆಲ್ಲಗೆ. "ತಿದ್ದಿ ಬರೀಲಿಕ್ಕೂ ಬರ್ತದ ನನಗ."

ಪ್ರಯೋಗ ನಿಲ್ಲಲಿಲ್ಲ. ಹೊಸ ಚೀಲಗಳು ಹೋದವು. ಕಲ್ಲಗೋನಾಳದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಅಂಗಳದ ಹಗ್ಗಗಳ ಮೇಲೆ ಬಟ್ಟೆಗಳ ನಡುವೆ ಮಣಿಯ ಚೀಲಗಳೂ ತೂಗುತ್ತಿದ್ದವು. ಉಳಿದ ಮಣಿಗಳನ್ನು ಅಂಟಿಸಿದ ಸಣ್ಣ ಚೀಟಿಗಳನ್ನು ನೀಲಾಂಬಿಕಾ ಅಡುಗೆಮನೆಗಳ ಕತ್ತಲೆಯ ಗೋಡೆಗೆ ಹಚ್ಚಿಸಿದಳು. ಬಿಸಿ ಬೆರಳು ಒತ್ತಿದಾಗ ಚೀಟಿ ನೇರಳೆಗೆ ತಿರುಗಿದರೆ ಗಾಳಿ ಚೆನ್ನಾಗಿದೆ. ತಿರುಗದಿದ್ದರೆ ಹೊಗೆಗೆ ಹಾದಿ ಮಾಡಬೇಕು. ಇಂಥ ಹಾದಿ ಮಾಡುವ ಮನೆಗಳಿಗೆ ಕಲ್ಲಿನ ಗೂಡಿನ ಅಳತೆ ಹೇಳಲು ಯಮನಪ್ಪ ಹೋಗುತ್ತಿದ್ದ, ಚೀಲ ಕಟ್ಟಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ. ಒಂದು ವರ್ಷದಲ್ಲಿ ಮೂವತ್ತೊಂದು ಒಲೆಗಳಿಗೆ ಅವನು ಗೂಡು ಕಟ್ಟಿಸಿದ. ಕಾಶವ್ವನ ರೊಟ್ಟಿ ಹೊಸ ಒಲೆಯಲ್ಲೂ ಉಬ್ಬಿತು. ಮೂರು ವಾರವಾದ ಮೇಲೆ ಒಂದು ಮಧ್ಯಾಹ್ನ, ತಲೆ ಸಿಡಿಯಲಿಲ್ಲವಲ್ಲ ಎಂದು ಅವಳಿಗೇ ನೆನಪಾಗಿ, ಏನೋ ಮರೆತವಳಂತೆ ಮನೆಯೆಲ್ಲ ತಿರುಗಾಡಿದಳಂತೆ.

ಚೀಲ ಆಮ್ಲಜನಕವನ್ನು ತಂದುಕೊಡಬಲ್ಲದು. ಅದನ್ನು ತೆಗೆದುಕೊಳ್ಳುವ ಶ್ವಾಸಕೋಶ ಕಲ್ಲಾಗುತ್ತ ಹೋದರೆ ಯಾವ ಮಣಿಯೂ ಏನೂ ಮಾಡಲಾರದು. ಇದನ್ನು ನೀಲಾಂಬಿಕಾ ಮೊದಲ ದಿನವೇ ಗಂಡಹೆಂಡತಿ ಇಬ್ಬರಿಗೂ ಹೇಳಿದ್ದಳು. ಎರಡನೆಯ ವರ್ಷದ ಕಾರ್ತಿಕದಲ್ಲಿ, ಒಂದು ಬೆಳಿಗ್ಗೆ, ಊಟದ ಹೊತ್ತಿಗೆ ಮುಂಚೆ ಯಮನಪ್ಪ ತೀರಿಕೊಂಡ. ಕಾಶವ್ವ ಪಕ್ಕದಲ್ಲೇ ಇದ್ದಳು.

*

ಹದಿನೈದು ದಿನ ಬಿಟ್ಟು ನೀಲಾಂಬಿಕಾ ಮಾತಾಡಿಸಲು ಹೋದಳು. ಕಾಶವ್ವ ಚಹಾ ಕೊಟ್ಟು, ಒಳಗಿನಿಂದ ಎರಡು ಚೀಲಗಳನ್ನು ತಂದು ಅವಳ ಮುಂದಿಟ್ಟಳು. ಬಟ್ಟೆ ಒಗೆದಿತ್ತು, ಹರಿದಲ್ಲಿ ಹೊಲಿಗೆ ಬಿದ್ದಿತ್ತು.

"ಮಣಿ ಚಲೋ ಅದಾವ್ರಿ. ಮುಂಜಾನಿ ನೋಡೇನಿ. ಹುಸೇನಸಾಬಗ ಹಾಕೂನೇನ್ರಿ? ಇವರ ಜೋಡಿ ಡ್ರಿಲ್ ಹಿಡದಾಂವ. ನಿಮ್ಮ ನಲವತ್ತರಾಗ ಅವನ ಹೆಸರು ಬಂದಿರಲಿಲ್ಲ."

ಇಬ್ಬರೂ ಓಣಿಯ ಕೊನೆಯ ಮನೆಗೆ ನಡೆದು ಹೋದರು. ಹುಸೇನಸಾಬ ಗೋಡೆಗೆ ಎರಡು ದಿಂಬು ಒರಗಿಸಿ ಕೂತಿದ್ದ. ಅವನ ಹೆಂಡತಿ ಮಾಬೂಬಿ ಚಾಪೆ ಹಾಸಿದಳು. ಕಾಶವ್ವ ಚಾಪೆಯ ಮೇಲೆ ಕೂಡದೆ ನೆಟ್ಟಗೆ ಒಳಗೆ ಹೋಗಿ ಒಲೆ ನೋಡಿಕೊಂಡು ಬಂದಳು. ಆಮೇಲೆ ಚೀಲ ಕೈಗೆತ್ತಿಕೊಂಡಳು.

ಹುಸೇನಸಾಬ ಚೀಲವನ್ನು ನೋಡಿ ಹಿಂಜರಿದ. "ಯಮನಪ್ಪಂದು... ನಾ ಹೆಂಗ..."

"ಅವರ ಉಸುರು ಇದರಾಗ ಉಳದಿಲ್ಲ ಅಣ್ಣಾರ," ಎಂದಳು ಕಾಶವ್ವ. "ಇದು ಯಾರದೂ ಇಟಗೊಳ್ಳೂದಿಲ್ಲ. ಕೈ ಎತ್ರಿ."

ಸೊಂಟಕ್ಕೆ ಕಟ್ಟಿ, ನಳಿಕೆಯನ್ನು ಮೂಗಿಗೆ ಸರಿಮಾಡಿ, ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಒಂದು ಬದಿಯ ಮಣಿಗಳು ನಿಧಾನವಾಗಿ ನೇರಳೆಗೆ ತಿರುಗಿದವು. ನೀಲಾಂಬಿಕಾ ಗಡಿಯಾರ ನೋಡುತ್ತ ಅವನ ಬೆರಳು ಹಿಡಿದು ಕೂತಳು. ಹತ್ತು ನಿಮಿಷದಲ್ಲಿ ಹುಸೇನಸಾಬನ ತುಟಿಯ ನೀಲಿ ತೆಳುವಾಯಿತು, ಹೆಗಲು ಕೆಳಗಿಳಿಯಿತು. ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡತೊಡಗಿದ.

"ಯಮನಪ್ಪ ಹಾಡತಿದ್ದ," ಎಂದ ಅವನು.

ಕಾಶವ್ವ ಚೀಲದ ಪಟ್ಟಿ ಬಿಗಿಮಾಡುತ್ತಿದ್ದವಳು ತಲೆ ಎತ್ತಿದಳು. "ಯಾರು? ಇವರಾ?"

"ಕ್ವಾರಿ ಬಂಡಿಗಲ್ಲಿನ ಮ್ಯಾಲ. ಡ್ರಿಲ್ಲಿನ ಸಪ್ಪಳದಾಗ ಯಾರಿಗೂ ಕೇಳಸೂದಿಲ್ಲ ಅಂತ ತಿಳಕೊಂಡಿದ್ದ. ನಾ ಬಾಜೂಕ ಇರತಿದ್ನೆಲ್ಲ, ನನಗ ಕೇಳತಿತ್ತು."

ಮಾಬೂಬಿ ಗಂಡನನ್ನು ಬೆರಗಿನಿಂದ ನೋಡುತ್ತಿದ್ದಳು. ಅವನು ನಡುವೆ ನಿಲ್ಲದೆ ಅಷ್ಟು ಮಾತಾಡಿದ್ದು ಎಷ್ಟೋ ತಿಂಗಳ ಮೇಲೆ. ಕಾಶವ್ವನಿಗೆ ಅದು ಗಮನಕ್ಕೆ ಬಂದಂತೆ ಕಾಣಲಿಲ್ಲ.

"ಮನ್ಯಾಗ ಒಂದು ದಿನಾನೂ ಹಾಡಿಲ್ಲ," ಎಂದಳು. "ಇಪ್ಪತ್ತೈದು ವರ್ಷದಾಗ ಒಮ್ಮೆರ ಹಾಡಿಲ್ಲ. ಏನು ಹಾಡತಿದ್ರು?"

"ಹಂತಿ ಪದ. ಅವರ ಅಪ್ಪ ಕಣದಾಗ ರಾಶಿ ಮಾಡೂಮುಂದ ಹಾಡತಿದ್ದನಂತ. ಒಂದು ದಿನ ಏನ ಆತಂದ್ರ, ಸಾಹುಕಾರ ಬಂದು ಹಿಂದ ನಿಂತಾನ, ಇವಗ ಖಬರಿಲ್ಲ—"

ಹುಸೇನಸಾಬ ನಕ್ಕ. ನಗು ಕೆಮ್ಮಾಗಲಿಲ್ಲ.

ಕಾಶವ್ವ ಪಟ್ಟಿಯನ್ನು ಬಿಟ್ಟು, ಅವನೆದುರು ಚಾಪೆಯ ಮೇಲೆ ಕಾಲು ಮಡಚಿ ಕೂತಳು. ಸೆರಗನ್ನು ಸರಿಮಾಡಿಕೊಂಡಳು.

"ಪೂರಾ ಹೇಳ್ರಿ ಅಣ್ಣಾರ," ಎಂದಳು. "ನನಗೇನ ಅವಸರಿಲ್ಲ."